ನನ್ನ ಬಲಗೈಗೆ ಕಟ್ಟಿದ ಬೆಲೆ

ಹಾವೇರಿಯ ಆ ವಕೀಲರ ಕಚೇರಿಯ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ತೂಗುತ್ತಿದ್ದವು. ಒಂದು ಆ ವರ್ಷದ್ದು, ಇನ್ನೊಂದು ಹಿಂದಿನ ವರ್ಷದ್ದು. ಹಳೆಯದನ್ನು ಯಾಕೆ ಇಳಿಸಿಲ್ಲ ಎಂದು ನೋಡುತ್ತ ಕೂತಿದ್ದೆ. ಫ್ಯಾನಿನ ಗಾಳಿಗೆ ಅದು ಒಮ್ಮೆ ಮೇಲೆದ್ದಾಗ ತಿಳಿಯಿತು. ಅದರ ಹಿಂದೆ ಗಿಲಾವು ಉದುರಿ ಇಟ್ಟಿಗೆ ಕಾಣುತ್ತಿತ್ತು.

“ಇವರ ಆದಾಯ ಎಷ್ಟ್ರಿ?” ವಕೀಲರು ನನ್ನ ಗಂಡನನ್ನು ಕೇಳಿದರು.

“ಆದಾಯ ಎಲ್ಲೀದ್ರಿ ಸರ. ಮನ್ಯಾಗ ಇರ್ತಾಳ.”

ವಕೀಲರು ಹಾಳೆಯ ಮೇಲೆ ಇಂಗ್ಲಿಷಿನಲ್ಲಿ ‘ನಿಲ್’ ಎಂದು ಬರೆದರು. ಮೇಜಿನ ಈಚೆ ಕೂತಿದ್ದ ನನಗೆ ಅದು ತಲೆಕೆಳಗಾಗಿ ಕಂಡಿತು. ಅದರ ಮೇಲಿನ ಸಾಲಿನಲ್ಲಿ ನನ್ನ ವಯಸ್ಸಿತ್ತು, ಮೂವತ್ತನಾಲ್ಕು. ಅದರ ಮೇಲೆ ನನ್ನ ಹೆಸರು, ಒಂದು ಅಕ್ಷರ ತಪ್ಪಾಗಿ. ಹೇಳಬೇಕೆನಿಸಿತು, ಹೇಳಲಿಲ್ಲ. ತಪ್ಪು ತೋರಿಸುವುದಕ್ಕೆ ಬೆರಳು ಚಾಚಬೇಕು. ನನ್ನ ಬಲಗೈ ತೊಡೆಯ ಮೇಲೆ, ಚರ್ಮದ ಪಟ್ಟಿಯೊಳಗೆ, ಮಲಗಿದ ಬೆಕ್ಕಿನ ಹಾಗೆ ಬಿದ್ದಿತ್ತು.

ಇದು ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲಿನ ಮಾತು. ಹೆದ್ದಾರಿಯನ್ನು ಅಗಲ ಮಾಡುತ್ತಿದ್ದ ಕಾಲ. ರಾಣೆಬೆನ್ನೂರಿನಿಂದ ಹಾವೇರಿಗೆ ಬರುವಷ್ಟರಲ್ಲಿ ಬಸ್ಸಿನವರೆಲ್ಲರ ಹುಬ್ಬಿನ ಮೇಲೆ ಕೆಂಪು ಧೂಳು ಕೂತಿರುತ್ತಿತ್ತು. ನಾವು ರಾಣೆಬೆನ್ನೂರಿನವರು. ನನ್ನವರದು ಬೀಜದ ಅಂಗಡಿ. ಮನೆಯಲ್ಲಿ ಅತ್ತೆ, ನಾವಿಬ್ಬರು, ನಾಲ್ಕನೇ ಇಯತ್ತೆ ಓದುವ ಮಗಳು. ನಾನು ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದಿದವಳು. ಅಲ್ಲಿನ ಸಿಸ್ಟರುಗಳು ನಮಗೆ ಕಲಿಸಿದ್ದು ಮುಖ್ಯವಾಗಿ ಎರಡು: ಕೂಡಕ್ಷರದ ಇಂಗ್ಲಿಷ್ ಬರವಣಿಗೆ, ಮತ್ತು ಯಾರು ಏನು ಮಾಡಿದರೂ ‘ಥ್ಯಾಂಕ್ಯೂ’ ಹೇಳುವುದು. ಈ ಎರಡನೆಯದು ನನಗೆ ಎಷ್ಟು ತುಟ್ಟಿಯಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಒಂದು ಸೋಮವಾರ ಜ್ವರ ಬಂತು. ಊರಿನಲ್ಲಿ ನಾವು ಯಾವಾಗಲೂ ಹೋಗುವ ನರ್ಸಿಂಗ್ ಹೋಮಿಗೆ ಹೋದೆ. ಡಾಕ್ಟರು ನಾಲಿಗೆ ನೋಡಿ ಚೀಟಿ ಬರೆದರು. ಒಳಗಿನ ಕೋಣೆಯಲ್ಲಿ ಇಂಜೆಕ್ಷನ್ ಕೊಡುವ ನರ್ಸು ಐವತ್ತರ ಹೆಂಗಸು. ಬೆರಳ ತುದಿಗೆ ಬೆಳಗಿನ ಒಗ್ಗರಣೆಯ ಅರಿಶಿನ ಹತ್ತಿತ್ತು. ಹೊರಗೆ ಮಂದಿ ಬಹಳವಿತ್ತು. ನನ್ನ ರವಿಕೆಯ ತೋಳು ಬಿಗಿ. ಮೇಲೆ ಸರಿಸಲು ಆಗದೆ ಅವಳು ತೋಳಿನ ಹಿಂಬದಿಗೆ, ಸ್ವಲ್ಪ ಕೆಳಗೇ ಚುಚ್ಚಿದಳು. ಚುಚ್ಚಿದ ಕ್ಷಣ ಹೆಬ್ಬೆರಳಿನವರೆಗೆ ಕರೆಂಟು ಹೊಡೆದ ಹಾಗಾಯಿತು. “ಸಿಸ್ಟರ್, ಕೈ ಝುಮ್ ಅಂತು” ಎಂದೆ. “ಆಗ್ತೈತ್ರಿ ಅಕ್ಕಾರ, ಔಷಧ ಭಾಳ ಖಾರ ಐತಿ” ಎಂದು ಹತ್ತಿ ಒತ್ತಿದಳು. ನಾನು “ಥ್ಯಾಂಕ್ಯೂ ಸಿಸ್ಟರ್” ಎಂದು ಎದ್ದು ಬಂದೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಬ್ರಶ್ ಹಿಡಿದರೆ ಮಣಿಕಟ್ಟು ಕೆಳಗೆ ಜೋತುಬಿತ್ತು. ಎತ್ತಿದೆ, ಮತ್ತೆ ಬಿತ್ತು. ನಳದ ಕೆಳಗೆ ಹಿಡಿದರೆ ನೀರು ಬೆರಳುಗಳಿಂದ ಇಳಿದು ಹೋಗುತ್ತಿತ್ತು, ಬೊಗಸೆ ಆಗುತ್ತಿರಲಿಲ್ಲ. ಡಾಕ್ಟರು “ನರ ಸ್ವಲ್ಪ ದಣದೈತಿ, ಆರು ವಾರದಾಗ ಹುಷಾರಾಕ್ಕೈತಿ” ಎಂದರು. ಆರು ವಾರ ಹೋದವು, ಆರು ತಿಂಗಳು ಹೋದವು. ಹುಬ್ಬಳ್ಳಿಯ ದೊಡ್ಡ ಡಾಕ್ಟರು ಕೈಗೆ ತಂತಿ ಹಚ್ಚಿ ಪರೀಕ್ಷೆ ಮಾಡಿ, ಇಂಜೆಕ್ಷನ್ ನರದ ಮೇಲೇ ಬಿದ್ದಿದೆ ಎಂದು ಬರೆದುಕೊಟ್ಟರು. ನನ್ನವರು “ಇದು ಅವರ ತಪ್ಪಲ್ಲೇನ್ರಿ?” ಎಂದು ಕೇಳಿದಾಗ ಅವರು ಮುಂದಿನ ಪೇಷೆಂಟಿನ ಗಂಟೆ ಒತ್ತಿದರು.

ಆ ಕಾಗದ ಹಿಡಿದುಕೊಂಡೇ ನಾವು ವಕೀಲರ ಎದುರು ಕೂತಿದ್ದೆವು. ಗ್ರಾಹಕರ ನ್ಯಾಯಾಲಯಕ್ಕೆ ಎರಡು ವರ್ಷದೊಳಗೆ ಹೋಗಬೇಕಂತೆ, ಒಂದು ವರ್ಷ ಮೂರು ತಿಂಗಳು ಆಗಲೇ ಕಳೆದಿದ್ದವು.

“ನೋಡ್ರಿ,” ಎಂದರು ವಕೀಲರು, “ಕೋರ್ಟಿಗೆ ಕೈ ತೋರಿಸಿದ್ರ ಆಗೂದಿಲ್ಲ, ಲೆಕ್ಕ ತೋರಿಸಬೇಕು. ನೌಕರಿ ಇದ್ದವರಿಗೆ ಪಗಾರ ಅದ. ಮನೀ ಹೆಣ್ಣುಮಕ್ಕಳಿಗೆ ಒಂದು ಅಂದಾಜು ಹಿಡೀತೀವಿ. ತಿಂಗಳಿಗೆ ಮೂರು ಸಾವಿರ ಅನ್ರಿ.” ಹಾಳೆಯ ಮೂಲೆಯಲ್ಲಿ ಗುಣಿಸಿದರು. ಮೂರು ಸಾವಿರ, ಹನ್ನೆರಡು ತಿಂಗಳು. ಅದಕ್ಕೆ ನನ್ನ ವಯಸ್ಸಿನವರಿಗೆ ಕೋರ್ಟು ಹಿಡಿಯುವ ಹದಿನಾರು ವರ್ಷ. “ಇಷ್ಟೂ ಬರೂದಿಲ್ಲ. ಕೈ ಎಷ್ಟು ಹೋಗೇದ ಅಂತ ಸರ್ಟಿಫಿಕೇಟಿನಾಗ ಹಾಕ್ಯಾರ? ನೂರಕ್ಕ ನಲವತ್ತು. ಅಂದ್ರ ಇದರಾಗ ನಲವತ್ತು ಭಾಗ.” ಎರಡು ಲಕ್ಷ ಮೂವತ್ತು ಸಾವಿರದ ನಾನೂರು ಎಂದು ಬಂತು. ಔಷಧದ ಖರ್ಚು, ನೋವಿನದು ಎಂದು ಇನ್ನೂ ಸ್ವಲ್ಪ ಸೇರಿಸಿ ಮೂರು ಲಕ್ಷ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು.

ನನಗೆ ಆ ಕೊನೆಯ ನಾನೂರು ರೂಪಾಯಿ ಬಹಳ ದಿನ ಕಾಡಿತು. ನನ್ನ ಯಾವ ಕೆಲಸಕ್ಕೆ ಆ ನಾನೂರು ಎಂದು.

“ಆದ್ರ ಮೂರು ಸಾವಿರದ ಕೆಲಸ ಮಾಡ್ತಿದ್ರು ಅಂತ ತೋರಿಸಬೇಕು,” ಎಂದು ವಕೀಲರು ಮೊದಲ ಸಲ ನನ್ನ ಕಡೆ ತಿರುಗಿದರು. “ಅಕ್ಕಾರ, ಆ ಕೈಲೆ ಏನೇನ್ ಮಾಡ್ತಿದ್ರಿ, ಎಲ್ಲಾ ಒಂದು ಯಾದಿ ಮಾಡಿಕೊಂಡು ಬರ್ರಿ. ಸಣ್ಣದು ದೊಡ್ಡದು ಅನಬ್ಯಾಡ್ರಿ.”

“ಪಾಠ ಹೇಳ್ತಿದ್ದೆ,” ಎಂದೆ. “ಸಂಜೀಕ. ಓಣ್ಯಾಗಿನ ಹುಡುಗರಿಗೆ ಇಂಗ್ಲಿಷ್.”

ವಕೀಲರ ಪೆನ್ನು ಎದ್ದು ನಿಂತಿತು. “ಫೀ ಎಷ್ಟು ತಗೋತಿದ್ರಿ?”

ಫೀ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮ ಅತ್ತೆ ಮೊದಲ ದಿನವೇ ಹೇಳಿದ್ದರು, “ಪಾಠ ಹೇಳು, ಬ್ಯಾಡನ್ನಂಗಿಲ್ಲ. ರೊಕ್ಕ ಮಾತ್ರ ಮುಟ್ಟಬ್ಯಾಡ. ಬೀಜದಂಗಡಿ ಸಾವ್ಕಾರ ಹೆಂಡ್ತಿ ಕಡೆ ದುಡಸ್ತಾನ ಅಂತ ಓಣಿ ತುಂಬ ಆಡ್ತಾರ.” ಹಾಗಾಗಿ ಮಕ್ಕಳ ತಾಯಂದಿರು ಒಬ್ಬರು ಶೇಂಗಾ ತಂದುಕೊಡುತ್ತಿದ್ದರು, ಒಬ್ಬರು ಸೌತೆಕಾಯಿ. ಬ್ಯಾಡಗಿಯ ಕಡೆಯವರು ಒಬ್ಬರು ವರ್ಷಕ್ಕೊಮ್ಮೆ ಒಂದು ಚೀಲ ಮೆಣಸಿನಕಾಯಿ ಕೊಡುತ್ತಿದ್ದರು. ಇದನ್ನು ಹೇಳಿದಾಗ ವಕೀಲರು ನಕ್ಕರು, ಕೆಟ್ಟದಾಗಿ ಅಲ್ಲ. “ಮೆಣಸಿನಕಾಯಿಗೆ ರಸೀದಿ ಇರೂದಿಲ್ಲಲ್ರಿ ಅಕ್ಕಾರ.” ಪೆನ್ನು ಮತ್ತೆ ಮಲಗಿತು.

ಯಾದಿ ಮಾಡಲು ಮಗಳ ಹಳೆಯ ನೋಟುಬುಕ್ಕು ತೆಗೆದುಕೊಂಡೆ. ಎಡಗೈಯಲ್ಲಿ ಬರೆಯುವುದನ್ನು ಆಗಷ್ಟೇ ರೂಢಿಸುತ್ತಿದ್ದೆ. ನಾಲ್ಕು ಗೆರೆಯ ಪುಟವೇ ಬೇಕಾಗುತ್ತಿತ್ತು, ಇಲ್ಲದಿದ್ದರೆ ಸಾಲು ಬೆಟ್ಟ ಹತ್ತುತ್ತಿತ್ತು. ಮಗಳು ಪಕ್ಕದಲ್ಲಿ ಕೂತು, “ಮಮ್ಮಿ, ಗೆರಿ ಮುಟ್ಟಿಸು, ಗೆರಿ ಮುಟ್ಟಿಸು” ಎನ್ನುತ್ತಿದ್ದಳು. ಅವಳಿಗೆ ನಾನೇ ಹೇಳುತ್ತಿದ್ದ ಮಾತು.

ರೊಟ್ಟಿ ಬಡಿಯುವುದು ಎಂದು ಮೊದಲು ಬರೆದೆ. ನಮ್ಮ ಮನೆಯಲ್ಲಿ ಭಾಂಡೆ ತಿಕ್ಕಲು ಒಬ್ಬಳು ಬರುತ್ತಿದ್ದಳು, ಬಟ್ಟೆಗೂ ಅವಳೇ. ಆದರೆ ರೊಟ್ಟಿ ಮನೆಯವರೇ ಬಡಿಯಬೇಕು. ಮದುವೆಯಾಗಿ ಬಂದಾಗ ನನಗೆ ಬರುತ್ತಿರಲಿಲ್ಲ, ಹಾಸ್ಟೆಲ್ಲಿನಲ್ಲಿ ನಾವು ಬ್ರೆಡ್ಡು ತಿಂದವರು. ಅತ್ತೆ ಕಲಿಸಿದರು. ಜೋಳದ ಹಿಟ್ಟಿಗೆ ಅಂಟು ಕಡಿಮೆ. ಮಣಿಕಟ್ಟು ಸಡಿಲ ಬಿಟ್ಟು, ಅಂಗೈ ಚಪ್ಪಟೆ ಮಾಡಿ, ಬಡಿದ ಹಾಗೇ ತಿರುಗಿಸುತ್ತಲೂ ಇರಬೇಕು. ಒಂದು ವರ್ಷ ನನ್ನ ರೊಟ್ಟಿಗಳು ಹರಿದವು. ಆಮೇಲೆ ಹರಿಯಲಿಲ್ಲ. ಬೆಳಿಗ್ಗೆ ಹನ್ನೆರಡು, ಸಂಜೆ ಎಂಟು. ಅಂಗಡಿಯಿಂದ ನನ್ನವರ ಜೊತೆ ಹಳ್ಳಿಯ ಗಿರಾಕಿ ಯಾರಾದರೂ ಊಟಕ್ಕೆ ಬಂದರೆ ಇನ್ನೂ ನಾಲ್ಕು.

ಆಮೇಲೆ ಬರೆದದ್ದು ನೆನಪಿದ್ದಷ್ಟು: ಮಗಳ ಜಡೆ. ಅತ್ತೆಯ ಕಣ್ಣಿಗೆ ಹನಿ ಹಾಕುವುದು. ಹಪ್ಪಳ. ಅಂಗಡಿಗೆ ಬೀಜದ ಕಂಪನಿಯಿಂದ ಬರುವ ಇಂಗ್ಲಿಷ್ ಪತ್ರಗಳಿಗೆ ಉತ್ತರ. ರವಿಕೆಯ ಗುಂಡಿ. ಸಂಜೆಯ ಮಕ್ಕಳ ಕೈಹಿಡಿದು ತಿದ್ದಿಸುವುದು. ಇಷ್ಟು ಬರೆಯುವಷ್ಟರಲ್ಲಿ ಎಡಗೈ ನೋಯತೊಡಗಿತು. ಓದಿ ನೋಡಿದರೆ ಅರ್ಧ ಪುಟವೂ ಇರಲಿಲ್ಲ. ಹನ್ನೆರಡು ವರ್ಷ ಸಂಸಾರ ಮಾಡಿದವಳ ಯಾದಿ ಇಷ್ಟೇ ಆಯಿತಲ್ಲ ಎಂದು ನಾಚಿಕೆಯಾಯಿತು.

ವಕೀಲರಿಗೆ ಅದರಲ್ಲಿ ಹಿಡಿಸಿದ್ದು ರೊಟ್ಟಿ ಒಂದೇ. ನನ್ನ ಕೈ ಬಿದ್ದ ಮೇಲೆ ನಾಲ್ಕು ತಿಂಗಳು ನಾವು ರೊಟ್ಟಿ ಕೊಂಡು ತಂದಿದ್ದೆವು, ಬಸ್‌ಸ್ಟ್ಯಾಂಡಿನ ಹಿಂದೆ ರೊಟ್ಟಿ ಮಾಡಿ ಮಾರುವ ಒಬ್ಬಳಿಂದ. ನನ್ನವರು ಅಂಗಡಿಯ ರೂಢಿಯಂತೆ ಅದನ್ನೂ ಡೈರಿಯಲ್ಲಿ ಬರೆದಿದ್ದರು. “ಇದು ಬೇಕಾಗಿದ್ದು!” ಎಂದು ವಕೀಲರು ಆ ಡೈರಿಯ ಝೆರಾಕ್ಸ್ ಮಾಡಿಸಿದರು. ನಾನು ಬಡಿದ ರೊಟ್ಟಿಗೆ ಎಲ್ಲಿಯೂ ಲೆಕ್ಕವಿಲ್ಲ, ಬಡಿಯದೇ ಹೋದದ್ದಕ್ಕೆ ಮಾತ್ರ ತಾರೀಖು ಸಮೇತ ಇತ್ತು.

ನೋಟಿಸು ಹೋಯಿತು. ಇಪ್ಪತ್ತು ದಿನಕ್ಕೆ ಡಾಕ್ಟರ ವಕೀಲರಿಂದ ಉತ್ತರ ಬಂತು, ಇಂಗ್ಲಿಷಿನಲ್ಲಿ ಮೂರು ಪುಟ. ಮನೆಯಲ್ಲಿ ಅದನ್ನು ಓದಿ ಹೇಳಬೇಕಾದವಳು ನಾನೇ. ಅಡುಗೆಮನೆಯ ಬಾಗಿಲಲ್ಲಿ ನಿಂತು ಓದುತ್ತ ಓದುತ್ತ ಕನ್ನಡದಲ್ಲಿ ಹೇಳಿದೆ. ಎರಡನೇ ಪುಟಕ್ಕೆ ಬಂದಾಗ ನನ್ನ ಬಾಯಿ ನಿಂತಿತು.

“ಯಾಕ, ಏನ್ ಐತಿ?” ಎಂದರು ನನ್ನವರು.

“ಇಂಜೆಕ್ಷನ್ ಆದ ಮ್ಯಾಲೆ ಪೇಷೆಂಟು ಯಾವ ತಕರಾರೂ ಮಾಡಲಿಲ್ಲ, ಸಿಬ್ಬಂದಿಗೆ ಧನ್ಯವಾದ ಹೇಳಿ ಸಮಾಧಾನದಿಂದ ಹೋದರು ಅಂತ ಬರದಾರ.”

“ಅಂದಿದ್ದೇನ ನೀನು?”

“ಅಂದಿದ್ದೆ.”

ಅವರು ತಲೆ ಕೆರೆದುಕೊಂಡರು. ಅತ್ತೆ ಒಲೆಯ ಮುಂದಿನಿಂದಲೇ, “ಈಕೀ ಸಾಲೀನ ಹಂತಾದ್ದು. ಕಳ್ಳ ಬಂದ್ರೂ ಥ್ಯಾಂಕ್ಯೂ ಅಂದು ಕಳಸ್ತಾಳ” ಎಂದರು. ನನಗೂ ನಗು ಬಂತು.

ಉತ್ತರ ಬಂದ ವಾರದಲ್ಲೇ ರಾಜಿಯ ಮಾತು ಬಂತು. ನನ್ನವರ ಸೋದರಮಾವ, ಎಂದರೆ ನಮ್ಮ ಅತ್ತೆಯ ಅಣ್ಣ, ಬ್ಯಾಡಗಿಯವರು. ಹೊಲವಿದೆ, ಆದರೆ ಜೀವಮಾನವೆಲ್ಲ ಹಾವೇರಿಯ ದನದ ಪೇಟೆಯಲ್ಲಿ ಎತ್ತಿನ ದಲ್ಲಾಳಿಕೆ ಮಾಡಿದವರು. ಡಾಕ್ಟರ ದೊಡ್ಡಪ್ಪನೂ ಅದೇ ಪೇಟೆಯ ಹಳೆಯ ಮನುಷ್ಯ. ಇಬ್ಬರೂ ಮಾತಾಡಿಕೊಂಡಿದ್ದರು. ಕೋರ್ಟಿಗೆ ಹೋದರೆ ಎರಡೂ ಮನೆತನದ ಹೆಸರು ಕೆಡುತ್ತದೆ, ಬ್ಯಾಡಗಿಯಲ್ಲಿ ಮಾಮಾನ ಮನೆಯಲ್ಲೇ ಕೂತು ಬಗೆಹರಿಸೋಣ ಎಂದು.

ನಾನು ಬೇಡ ಎನ್ನಲಿಲ್ಲ. ನನ್ನವರನ್ನು ಒಂದು ಮಾತು ಕೇಳಿದೆ, “ಮೂರು ಲಕ್ಷದ ಲೆಕ್ಕ ಮಾಮಾಗ ಹೇಳೀರೇನ್ರಿ?”

“ಹೇಳೇನಿ. ಅವರಿಗೆ ಎಲ್ಲಾ ತಿಳೀತೈತಿ,” ಎಂದರು. ಆಮೇಲೆ, “ನಾಳೆ ಅವ್ವಗ ಎದಿ ನೋವು ಬಂದ್ರ ಎಲ್ಲಿಗೆ ಓಡೂಣು ಹೇಳು? ಇರೂದು ಅದs ದವಾಖಾನಿ” ಎಂದರು. ಅದು ಸುಳ್ಳಲ್ಲ.

ಸುಗ್ಗಿಯ ದಿನಗಳು. ಬ್ಯಾಡಗಿಯ ಸ್ಟೇಷನ್ನಿನಲ್ಲಿ ಇಳಿಯುವ ಮೊದಲೇ ಗಂಟಲು ಕೆರೆಯತೊಡಗಿತು. ಊರ ಗಾಳಿಯಲ್ಲೇ ಮೆಣಸಿನಕಾಯಿ. ಮಾಮಾನ ಮನೆಯ ಅಂಗಳದಲ್ಲಿ ಕೆಂಪು ರಾಶಿ ಹರಡಿತ್ತು. ಒಂದು ಬದಿಯ ನೆರಳಿನಲ್ಲಿ ನಾಲ್ಕೈದು ಹೆಂಗಸರು ಮೂಗಿಗೆ ಸೆರಗು ಕಟ್ಟಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರಿಗೆ ಕಿಲೋಗೆ ಇಷ್ಟು ಎಂದು ಕೂಲಿ. ಹೆಬ್ಬೆರಳು ತೋರುಬೆರಳು ಸೇರಿಸಿ ಚಟ್ ಎಂದು ಮುರಿಯುವ ಆ ಸದ್ದನ್ನೇ ಕೇಳುತ್ತ ನಾನು ಬಹಳ ಹೊತ್ತು ಕೂತೆ. ಒಬ್ಬಳು ನನ್ನ ಪಟ್ಟಿ ನೋಡಿ, “ಏನಾಗೇತ್ರಿ ಅಕ್ಕಾರ ಕೈಗೆ?” ಎಂದಳು. “ನರ ಹೋಗೈತಿ” ಎಂದೆ. ಅವಳು ತನ್ನ ಬೆರಳುಗಳನ್ನು ಒಮ್ಮೆ ನೋಡಿಕೊಂಡಳು. “ಬಲಗೈನs ಹೋಗಬೇಕೇನ್ರಿ,” ಎಂದು ಕೆಲಸ ಮುಂದುವರಿಸಿದಳು.

ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಒಂದು ಕಡೆ ಮಾಮಾ, ನನ್ನವರು. ಎದುರು ಡಾಕ್ಟರ ದೊಡ್ಡಪ್ಪ, ಜೊತೆಗೆ ಅವರ ವಕೀಲರ ಗುಮಾಸ್ತ, ಕಂಕುಳಲ್ಲಿ ಫೈಲು. ಡಾಕ್ಟರು ಬಂದಿರಲಿಲ್ಲ. ಒಳಬಾಗಿಲಿನ ಹೊಸ್ತಿಲಿನ ಈಚೆ ನಾನೂ ಅತ್ತೆಯೂ. ಮಂಡಕ್ಕಿ, ಮಿರ್ಚಿ ಬಂದವು, ಚಹಾ ಬಂತು. ಮಳೆ, ಮೆಣಸಿನಕಾಯಿಯ ದರ, ಯಾರದೋ ಮದುವೆ, ಎಲ್ಲ ಮುಗಿದ ಮೇಲೆ ದೊಡ್ಡಪ್ಪ ಬಹಳ ಮೆತ್ತಗೆ ನಮ್ಮ ಅತ್ತೆಯ ಕಡೆ ತಿರುಗಿದರು.

“ತಂಗೀ, ಒಂದು ಮಾತು. ಕಾಗದದಾಗ ಬರದಾರ, ಸೊಸಿ ಕೈ ಹೋಗಿ ಮನಿ ಕೆಲಸೆಲ್ಲ ನಿಂತಾವು, ರೊಟ್ಟಿ ಸುದ್ದಾ ಕೊಂಡು ತಿನ್ನು ಹಂಗ ಆಗೇತಿ ಅಂತ. ನಿಮ್ಮ ಮನ್ಯಾಗ ಸೊಸಿ ಕಡೆ ಅಷ್ಟ್ ಕೆಲಸ ಮಾಡಸ್ತೀರೇನವ್ವಾ?”

ಅದು ಬಲೆ ಎಂದು ನನಗೆ ತಕ್ಷಣ ತಿಳಿಯಿತು. ಅತ್ತೆಗೆ ಅದು ಬಲೆಯಾಗಿ ಕೇಳಲಿಲ್ಲ, ಬೈಗುಳವಾಗಿ ಕೇಳಿತು. ಹೊರಗಿನವರ ಮುಂದೆ, ಸ್ವಂತ ಅಣ್ಣನ ಮನೆಯಲ್ಲಿ, ನೀನು ಸೊಸೆಯನ್ನು ದುಡಿಸಿಕೊಂಡು ತಿನ್ನುವವಳು ಎಂದ ಹಾಗೆ. ಅವರು ಸೆರಗು ಸರಿಮಾಡಿಕೊಂಡರು.

“ಯಾರ್ ಹೇಳಿದ್ರು ನಿಮಗ? ನಮ್ಮ ಮನಿ ಸೊಸಿ ಒಂದು ಕಡ್ಡಿ ಎತ್ತಿ ಆ ಕಡೆ ಇಟ್ಟಿಲ್ಲ. ಭಾಂಡಿ ಬಟ್ಟಿಗೆ ಆಳೈತಿ. ರೊಟ್ಟಿ ನಾ ಬಡೀತೇನಿ, ನನ್ನ ರಟ್ಟಿ ಇನ್ನಾ ಗಟ್ಟಿ ಅದಾವು. ಕಾನ್ವೆಂಟ್ ಓದಿದಾಕಿನ ತಂದೇವಿ, ಹೂವಿನಂಗ ಇಟ್ಟೇವಿ. ಬೇಕಾದ್ರ ಆಕಿನ್ನs ಕೇಳ್ರಿ.”

ಎಲ್ಲರೂ ನನ್ನ ಕಡೆ ನೋಡಿದರು. ಗುಮಾಸ್ತ ಫೈಲಿನ ಮೇಲೆ ಏನೋ ಬರೆದುಕೊಂಡ. ನಾನು ‘ಇಲ್ಲ, ಹತ್ತು ವರ್ಷ ಬಡಿದಿದ್ದೇನೆ’ ಎನ್ನಬಹುದಿತ್ತು. ಅನ್ನಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಆದರೆ ಅಂದರೆ ಅತ್ತೆಯನ್ನು ಅವರ ತವರಿನಲ್ಲಿ ಸುಳ್ಳಿ ಮಾಡಿದ ಹಾಗೆ. ಮಾಮಾ ನನ್ನನ್ನು ನೋಡುತ್ತಿದ್ದರು, ಬೇಡ ಎನ್ನುವ ಹಾಗೆ ಹುಬ್ಬು ಸ್ವಲ್ಪ ಎತ್ತಿ. ನನ್ನವರು ಮಂಡಕ್ಕಿಯ ತಟ್ಟೆಯಲ್ಲಿ ಒಂದೊಂದೇ ಶೇಂಗಾ ಹೆಕ್ಕುತ್ತಿದ್ದರು.

“ಅತ್ತಿ ಛಲೋ ನೋಡಿಕೊಂಡಾರ್ರಿ,” ಎಂದೆ. ಅದೂ ನಿಜವೇ.

“ಮತ್ತೇನೈತಿ,” ಎಂದರು ದೊಡ್ಡಪ್ಪ. ಹೆಗಲ ಮೇಲಿನ ಟವೆಲ್ ತೆಗೆದು ಮಾಮಾನ ಕಡೆ ಜರುಗಿದರು.

ದನದ ಪೇಟೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಇಬ್ಬರೂ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಒತ್ತಿ ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು. ಸಾವಿರವೋ ಹತ್ತು ಸಾವಿರವೋ ಎಂದು ಮೊದಲೇ ಕಣ್ಣಲ್ಲಿ ಒಪ್ಪಂದ. ಸುತ್ತ ನಿಂತವರಿಗೆ ತಿಳಿಯಬಾರದು, ಎತ್ತಿನ ಒಡೆಯನಿಗೂ ಕೊನೆಯವರೆಗೆ ತಿಳಿಯುವುದಿಲ್ಲ. ಇದನ್ನೆಲ್ಲ ಮಾಮಾನೇ ಹಿಂದೆ ಒಮ್ಮೆ ಮಗಳಿಗೆ ಆಟವಾಗಿ ಕಲಿಸಿದ್ದರು.

ಹಸಿರು ಅಂಚಿನ, ಮಾಸಿದ ಬಿಳಿ ಟವೆಲ್. ಅದರ ಕೆಳಗೆ ಇಬ್ಬರು ಮುದುಕರ ಕೈಗಳು ಓಡಾಡುತ್ತಿದ್ದವು. ಬಟ್ಟೆ ಒಮ್ಮೆ ಏಳುತ್ತಿತ್ತು, ಒಮ್ಮೆ ಇಳಿಯುತ್ತಿತ್ತು. ಮಾಮಾ ತಲೆ ಅಲ್ಲಾಡಿಸಿದರು. ದೊಡ್ಡಪ್ಪ ಚಾವಣಿ ನೋಡಿದರು. “ಹಲ್ಲು ನೋಡೀ ಹೇಳಾಕತ್ತೀಯೋ ಏನ್ ಹಂಗs?” ಎಂದರು ಮಾಮಾ. “ಸುಮ್ಕಿರಪಾ, ನಿನ್ನ ಮಾಲು ನಂಗೊತ್ತಿಲ್ಲೇನು,” ಎಂದು ದೊಡ್ಡಪ್ಪ ನಕ್ಕರು. ಹಳೆಯ ಗೆಳೆಯರ ಹಳೆಯ ಮಾತು, ನನ್ನನ್ನು ನೋಯಿಸಲು ಆಡಿದ್ದಲ್ಲ. ನಾನು ಬಟ್ಟೆಯ ನೆರಿಗೆ ನೋಡಿ ಬೆರಳು ಎಣಿಸಲು ಪ್ರಯತ್ನಿಸಿದೆ. ಎಲ್ಲೋ ಮೂರು ಎನಿಸಿತು, ಆಮೇಲೆ ಎರಡು, ಆಮೇಲೆ ಗೊತ್ತಾಗಲಿಲ್ಲ. ಹೊರಗೆ ಚಟ್ ಚಟ್ ಎಂದು ತೊಟ್ಟು ಮುರಿಯುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಇಬ್ಬರೂ ಕೈ ಹೊರತೆಗೆದರು. “ಆತು,” ಎಂದರು ಮಾಮಾ. ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡ ದೊಡ್ಡಪ್ಪ ಎದ್ದು ಹೋಗುವಾಗ ನನ್ನ ಎದುರು ನಿಂತು, “ಆರಾಮಾಕ್ಕೈತಿ ಬಿಡವ್ವಾ ಮಗಳ,” ಎಂದರು. ಬಾಯಿಗೆ ಬಂದ ಥ್ಯಾಂಕ್ಯೂವನ್ನು ಅಂದು ಮೊದಲ ಬಾರಿಗೆ ನುಂಗಿದೆ.

ರೈಲಿನಲ್ಲಿ ನನ್ನವರನ್ನು ಕೇಳಿದೆ, “ಎಷ್ಟಕ್ಕ ಆತ್ರಿ?”

“ಕಾಗದ ಆಗೂತನಕ ಯಾರ ಮುಂದನೂ ಹೇಳಬಾರದಂತ ಮಾಮಾ ಮಾತು ಕೊಟ್ಟಾರ.”

“ನನ್ನ ಮುಂದನೂ?”

ಅವರು ಕಿಟಕಿಯ ಹೊರಗೆ ನೋಡಿದರು. ಕೋಪವಿರಲಿಲ್ಲ ಅವರಲ್ಲಿ, ಮುಜುಗರವಿತ್ತು. ಎದುರಿನ ಸೀಟಿನಲ್ಲಿ ಅತ್ತೆ, ಅಣ್ಣನ ಮನೆಯಿಂದ ಕೊಟ್ಟ ಮೆಣಸಿನಕಾಯಿಯ ಚೀಲವನ್ನು ಕಾಲ ನಡುವೆ ಹಿಡಿದು ನಿದ್ದೆ ಹೋಗಿದ್ದರು.

ಹದಿನೈದು ದಿನದ ಮೇಲೆ ಹಾವೇರಿಯಲ್ಲಿ ಕಾಗದ ತಯಾರಾಯಿತು. ಅದೂ ಇಂಗ್ಲಿಷಿನಲ್ಲಿಯೇ. ವಕೀಲರು ಅದನ್ನು ನನ್ನ ಕಡೆ ಸರಿಸಿದಾಗ, ಅವರೆಲ್ಲರೂ ಮುಚ್ಚಿಟ್ಟಿದ್ದನ್ನು ಓದಬಲ್ಲವಳು ನಮ್ಮ ಮನೆಯಲ್ಲಿ ನಾನೊಬ್ಬಳೇ ಎಂದು ಯಾರಿಗೂ ಹೊಳೆದಿರಲಿಲ್ಲವೇನೋ. ಎಪ್ಪತ್ತೈದು ಸಾವಿರ. ಔಷಧಕ್ಕೂ ಹುಬ್ಬಳ್ಳಿಯ ಓಡಾಟಕ್ಕೂ ನಮಗೆ ಆದದ್ದು ಅರವತ್ತೆರಡು. ತಪ್ಪು ಒಪ್ಪಿಕೊಳ್ಳದೆ, ಸೌಹಾರ್ದಕ್ಕಾಗಿ ಕೊಡುತ್ತಿರುವುದು ಎಂದಿತ್ತು. ನಾಲ್ಕನೇ ಸಾಲು: ಸದರಿಯವರು ಗೃಹಿಣಿ, ಮನೆಯವರೇ ಹಿರಿಯರ ಮುಂದೆ ಹೇಳಿರುವಂತೆ ಅವರು ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲವಾದ್ದರಿಂದ, ದುಡಿಮೆಯ ನಷ್ಟವೆಂದು ಯಾವ ಹಕ್ಕೂ ಇಲ್ಲ.

“ಈ ಸಾಲು ತಗೀಲಿಕ್ಕೆ ಬರೂದಿಲ್ಲೇನ್ರಿ?” ಎಂದೆ. “ರೊಕ್ಕ ಅಷ್ಟs ಇರ್ಲಿ.”

ವಕೀಲರು ಕನ್ನಡಕ ತೆಗೆದರು. “ಅದು ಅವರ ಕಡೆಯವರು ಹಾಕಿದ ಸಾಲು. ತಗದ್ರ ಒಪ್ಪೂದಿಲ್ಲ ಅಂದಾರ. ನನ್ನ ಅಂದಾಜು ಬ್ಯಾರೆ ಇತ್ತು ಅಕ್ಕಾರ, ನಿಮಗs ಗೊತ್ತದ. ಬ್ಯಾಡ ಅಂದ್ರ ಈಗ ಹೇಳ್ರಿ, ಇನ್ನಾ ಆರು ತಿಂಗಳ ಟೈಮ್ ಅದ. ಆದ್ರ ಅಲ್ಲಿ ಸುದ್ದಾ ಅವ್ವಾರನ್ನ ಕರದು ಕೇಳ್ತಾರ.”

ಕೋರ್ಟಿನ ಕಟಕಟೆಯಲ್ಲಿ ಅತ್ತೆ ನಿಂತು ಅದೇ ಮಾತನ್ನು, ಇನ್ನೂ ಗಟ್ಟಿಯಾಗಿ, ಹೇಳುವುದು ನನ್ನ ಕಣ್ಣಿಗೆ ಕಟ್ಟಿತು. ನನ್ನವರನ್ನು ನೋಡಿದೆ. ಅವರು ಗೋಡೆಯ ಹಳೆಯ ಕ್ಯಾಲೆಂಡರ್ ನೋಡುತ್ತಿದ್ದರು.

“ಪೆನ್ ಕೊಡ್ರಿ,” ಎಂದೆ.

ಎಡಗೈಯಲ್ಲಿ ಸಹಿ ಹಾಕಿದೆ. ಗೆರೆ ಮುಟ್ಟಿಸಲು ಆಗಲಿಲ್ಲ.

ಚೆಕ್ಕು ನನ್ನ ಹೆಸರಿಗೆ ಬಂತು. ರಾಣೆಬೆನ್ನೂರಿನ ಬ್ಯಾಂಕಿನಲ್ಲಿ ನನ್ನದೊಂದು ಖಾತೆಯಿತ್ತು, ಮದುವೆಯಾದ ವರ್ಷ ತೆರೆದದ್ದು. ಹಣ ತೆಗೆಯುವ ದಿನ ಕೌಂಟರಿನ ಮನುಷ್ಯ ನನ್ನ ಫಾರ್ಮು ನೋಡಿದ, ಕಂಪ್ಯೂಟರ್ ನೋಡಿದ, ಒಳಗೆ ಹೋಗಿ ಒಂದು ಹಳದಿಯಾದ ಕಾರ್ಡು ತಂದ. “ಇದಕ್ಕ ಇದು ತಾಳೆ ಆಗವಲ್ದು ನೋಡ್ರಿ.”

ಕಾರ್ಡಿನ ಮೇಲೆ ನನ್ನ ಹಳೆಯ ಸಹಿ ಮೂರು ಸಲ ಇತ್ತು, ಒಂದರ ಕೆಳಗೊಂದು. ನೀಲಿ ಶಾಯಿ. ಮೊದಲ ಅಕ್ಷರದ ಬಾಲ ಕೆಳಗಿನಿಂದ ಸುತ್ತಿ ಬಂದು ಕೊನೆಯ ಅಕ್ಷರವನ್ನು ಮುಟ್ಟುತ್ತಿತ್ತು. ಮೂರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೆನ್ನ ಹಿಂದೆ ನಿಂತು ‘ಸ್ಲೋಲಿ, ಚೈಲ್ಡ್’ ಎನ್ನುತ್ತಿದ್ದುದು ನೆನಪಾಯಿತು.

“ಹೆಬ್ಬೆಟ್ಟು ಒತ್ತಿಬಿಡ್ರಿ, ಸಾಕ್ಷಿಗೆ ಸಾವ್ಕಾರ್ರು ಸಹಿ ಮಾಡ್ಲಿ,” ಎಂದ ಆತ, ಶಾಯಿಯ ಡಬ್ಬಿ ಸರಿಸುತ್ತ. “ಒಂದು ನಿಮಿಷ ಕಾರ್ಡ್ ಕೊಡ್ರಿ,” ಎಂದು ಅದನ್ನು ಇನ್ನೊಮ್ಮೆ ನೋಡಿ ವಾಪಸು ಕೊಟ್ಟೆ. ನನ್ನ ಹಿಂದೆ ಸಾಲಿನಲ್ಲಿ ಐರಣಿಯ ಕಡೆಯ ರೈತರಿಬ್ಬರು ನಿಂತಿದ್ದರು. ಹೆಬ್ಬೆಟ್ಟು ಒತ್ತುವಾಗ ಅವರು ಸಭ್ಯತೆಯಿಂದ ಬೇರೆ ಕಡೆ ನೋಡಿದರು.

ಮನೆಗೆ ಬಂದಾಗ ಅತ್ತೆ ರೊಟ್ಟಿಗೆ ಕೂತಿದ್ದರು. ಕೊಂಡು ತಂದ ರೊಟ್ಟಿ ಮಗನಿಗೆ ಸೇರುವುದಿಲ್ಲವೆಂದು ಅವರೇ ಮತ್ತೆ ಬಡಿಯತೊಡಗಿ ಒಂದು ವರ್ಷವಾಗಿತ್ತು. ಅರವತ್ತೆಂಟರ ಕೈ. ನಾನು ಎದುರು ಕೂತು, ಎಡಗೈಯಲ್ಲಿ ಹಿಟ್ಟಿನ ಪರಾತ ಹಿಡಿದುಕೊಳ್ಳುತ್ತಿದ್ದೆ, ಜಾರಬಾರದೆಂದು. ಅವರ ಕಣ್ಣು ನನ್ನ ಹೆಬ್ಬೆರಳಿನ ಕಪ್ಪಿನ ಮೇಲೆ ಬಿತ್ತು.

“ಏನದು?”

“ಬ್ಯಾಂಕಿನ್ಯಾಗ ಹೆಬ್ಬೆಟ್ಟು ತಗೊಂಡ್ರು.”

“ನಿನ್ನ ಹೆಬ್ಬೆಟ್ಟು?” ಎಂದು ಅವರು ಸೆರಗಿನ ತುದಿಗೆ ಎಣ್ಣೆ ಹಚ್ಚಿ ನನ್ನ ಬೆರಳು ತಿಕ್ಕಿದರು. ಹೋಗಲಿಲ್ಲ. ತಿಕ್ಕುತ್ತಲೇ ಕೇಳಿದರು, “ಎಷ್ಟು ಬಂತು ಕಡೀಕ? ನಂಗ ಯಾರೂ ಹೇಳೇ ಇಲ್ಲ.”

ಅವರಿಗೂ ಹೇಳಿರಲಿಲ್ಲ ಎಂದು ನನಗೆ ಆಗ ತಿಳಿಯಿತು. ಹೇಳಿದೆ. ಕಾಗದದ ನಾಲ್ಕನೇ ಸಾಲನ್ನೂ ಹೇಳಿದೆ, ಕನ್ನಡದಲ್ಲಿ, ಆದಷ್ಟು ಮೆತ್ತಗೆ. ಅತ್ತೆ ತಿಕ್ಕುವುದನ್ನು ನಿಲ್ಲಿಸಿದರು. ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅದನ್ನು ತೆಗೆದು ಬದಿಗಿಟ್ಟರು.

“ನಾ ನಿನ್ನ ಮರ್ಯಾದಿಗೆ ಹೇಳಿದ್ದೆ,” ಎಂದರು.

“ಗೊತ್ತದರಿ ಅತ್ತಿ.”

ಇನ್ನೊಂದು ಉಂಡೆ ತೆಗೆದುಕೊಂಡು ಬಡಿಯಲು ಹತ್ತಿದರು. ಅರ್ಧಕ್ಕೆ ಬರುವಷ್ಟರಲ್ಲಿ ಅಂಚು ಹರಿಯಿತು. ಕೂಡಿಸಿ ಮತ್ತೆ ಬಡಿದರು, ಮತ್ತೆ ಅಲ್ಲೇ ಹರಿಯಿತು. ಅವರು ಎರಡೂ ಕೈ ಹಿಟ್ಟಿನ ಮೇಲಿಟ್ಟರು.

“ನಿನ್ನ ಕೈಯಾಗ ಹರೀತಿರಲಿಲ್ಲ,” ಎಂದರು.

ನಾನು ಎಡಗೈಯಿಂದ ಒಣಹಿಟ್ಟನ್ನು ಅವರ ಕಡೆ ಸರಿಸಿದೆ.